ಸಣ್ಣ ಜ್ವರ, ದೊಡ್ಡ ಜ್ವರ

ನಮ್ಮ ಮನೆಯಲ್ಲಿ ಒಂದೇ ಒಂದು ಬೀಗವೂ ಇರಲಿಲ್ಲ. ಅಪ್ಪ ಬೀಗ ರಿಪೇರಿಯವನು, ಕೀಲಿ ಮಾಡುವವನು. ಅವನ ಬೆರಳಿಗೆ ಸೋಲದ ಬೀಗ ಊರಲ್ಲೇ ಇರಲಿಲ್ಲ. ಅಮ್ಮ ಮದುವೆಯಾದ ಹೊಸದರಲ್ಲಿ ಪೆಟ್ಟಿಗೆಗೆ ಬೀಗ ಹಾಕಿ ನೋಡಿದಳಂತೆ. ಅಪ್ಪ ತಂತಿಯ ತುಂಡೊಂದರಿಂದ ಅದನ್ನು ತೆಗೆದು, ಬೇಕಾದ್ದನ್ನು ಎತ್ತಿಕೊಂಡು, ಮತ್ತೆ ನೀಟಾಗಿ ಬೀಗ ಹಾಕಿಟ್ಟು ಹೋಗುತ್ತಿದ್ದನಂತೆ. "ಕಳ್ಳನಾದ್ರೂ ಶಿಸ್ತಿನ ಕಳ್ಳ" ಎಂದು ಅಮ್ಮ ಹೇಳುತ್ತಿದ್ದಳು, ನಗುವ ಹುಮ್ಮಸ್ಸಿದ್ದ ದಿನಗಳಲ್ಲಿ. ಹಾಗಾಗಿ ಆ ಮನೆಯಲ್ಲಿ ವಸ್ತುಗಳನ್ನು ಬಚ್ಚಿಡಲು ಜಾಗವೇ ಇರಲಿಲ್ಲ. ವಿಷಯಗಳನ್ನು ಮಾತ್ರ ಬಚ್ಚಿಡಬಹುದಿತ್ತು, ಅದನ್ನು ಶುರು ಮಾಡಿದವಳು ನಾನು.

ಈಗ ಅಪ್ಪನ ಆ ಅಂಗಡಿಯಲ್ಲಿ ಕೂರುವವಳೂ ನಾನೇ. ಅಂಗಡಿ ಅಂದರೆ ಬೀದಿ ತಿರುವಿನಲ್ಲಿ ಒಂದು ಮರದ ಗೂಡು, ಒಂದು ಅರದ ಪೆಟ್ಟಿಗೆ, ಮೊಳೆಗಳಿಗೆ ನೇತು ಹಾಕಿದ ನಾನೂರು ಚಿಲ್ಲರೆ ಹಲ್ಲಿಲ್ಲದ ಕೀಲಿಗಳು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಗಿರಾಕಿಗಳು ಹೇಳುತ್ತಾರೆ. ಹೇಳಿಕೊಳ್ಳಲಿ. "ನಮ್ಮನೇದೇ ಬೀಗ ಅಕ್ಕ, ಕೀಲಿ ಕಳೆದೋಯ್ತು" ಅಂತ ಕಣ್ಣು ತಪ್ಪಿಸಿ ಹೇಳುವವರನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಸುಳ್ಳಿನ ವಾಸನೆ ನನಗೆ ದೂರದಿಂದಲೇ ಹೊಡೆಯುತ್ತದೆ. ಒಂದು ಕಾಲಕ್ಕೆ ನಾನು ಹೇಳಿದಷ್ಟು ಸುಳ್ಳನ್ನು ಆ ಬೀದಿಯಲ್ಲಿ ಇನ್ಯಾರೂ ಹೇಳಿರಲಿಲ್ಲ.

ಮೊದಲನೆಯದನ್ನು ಹೇಳಿದಾಗ ನನಗೆ ಏಳು ವರ್ಷ. ಯಾರೋ ಒಬ್ಬರು ಕೆಟ್ಟ ಬೀಗವನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದು "ಅಪ್ಪ ಎಲ್ಲಮ್ಮ?" ಅಂದರು. ಅಪ್ಪ ನನ್ನ ಬೆನ್ನ ಹಿಂದೆಯೇ ಇದ್ದ, ಅರ್ಧ ಚಾಪೆಯ ಮೇಲೆ, ಅರ್ಧ ನೆಲದ ಮೇಲೆ, ಬಾಯಿ ತೆರೆದುಕೊಂಡು. ನಾನು ಬಾಗಿಲನ್ನು ಮೈಯಿಂದ ಮುಚ್ಚಿ ನಿಂತು "ಅಪ್ಪಂಗೆ ಜ್ವರ" ಅಂದೆ. ಬಂದವರು ಅಯ್ಯೋ ಪಾಪ ಅಂತ ಹೊರಟುಹೋದರು. ಒಳಗಿದ್ದ ಅಮ್ಮ ಅದನ್ನು ಕೇಳಿಸಿಕೊಂಡಳು. ಬೈಯಲಿಲ್ಲ. ಊಟಕ್ಕೆ ಕೂತಾಗ ತನ್ನ ಪಾಲಿನದರಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿದಳು. ಅದನ್ನು ನಾನು ಬಹುಮಾನ ಅಂದುಕೊಂಡೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಕುಡಿತ ಅನ್ನುವ ಮಾತೇ ಹೋಯಿತು, ಜ್ವರ ಬಂತು. ಸಣ್ಣ ಜ್ವರ ಅಂದರೆ ಅಪ್ಪ ಹಾಡು ಹೇಳುತ್ತಾನೆ, ಅಳುತ್ತಾನೆ, ನಮ್ಮ ತಲೆ ಸವರುತ್ತಾನೆ. ದೊಡ್ಡ ಜ್ವರ ಅಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ಕೈಗೆ ಸಿಕ್ಕಿದವರನ್ನು ಹೊಡೆಯುತ್ತಾನೆ. ಹೊರಗೆ ಹೆಜ್ಜೆಯ ಸದ್ದಿನಲ್ಲೇ ಯಾವುದೆಂದು ನನಗೆ ಗೊತ್ತಾಗುತ್ತಿತ್ತು. ದೊಡ್ಡದಾದರೆ ಲೋಟ, ತಟ್ಟೆ, ಡಬ್ಬಿಗಳೆಲ್ಲ ಬಟ್ಟೆ ಬುಟ್ಟಿಯ ಒಳಗೆ. ಚಪ್ಪಲಿಗಳು ಚಾಪೆಯಡಿಗೆ, ಯಾಕೆಂದರೆ ಚಪ್ಪಲಿಯೂ ಹಾರುತ್ತದೆ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿ, ತುಟಿಪಿಟಿಕ್ ಅನ್ನಬಾರದು. ಕೋಣೆ ಇದ್ದದ್ದೇ ಒಂದು, ಅದರ ಬಾಗಿಲಿಗೆ ಒಳಗಿಂದ ಚಿಲಕವೂ ಇರಲಿಲ್ಲ. ಓಡಿಹೋಗಲು ಇನ್ನೊಂದು ಕೋಣೆ ಇದ್ದಿದ್ದರೆ ಈ ಕಾನೂನುಗಳು ಬೇಕಾಗುತ್ತಿರಲಿಲ್ಲವೇನೋ.

ಆ ವರ್ಷವೇ ನನ್ನ ತಂಗಿ ಹುಟ್ಟಿದ್ದು. ದುಂಡಗೆ, ಚಿಕ್ಕದಾಗಿ, ಎಲ್ಲಿಟ್ಟರೂ ಉರುಳಿಕೊಂಡು ಹೋಗುತ್ತಿದ್ದಳು ಅಂತ ಬಟಾಣಿ ಅಂತ ಕರೆದೆವು. ಜ್ವರ ಅನ್ನುವುದು ನನಗೂ ಅಮ್ಮನಿಗೂ ಒಂದು ಸುಳ್ಳು. ಬಟಾಣಿಗೆ ಅದು ಸುಳ್ಳಲ್ಲ. ಅವಳು ಮಾತು ಕಲಿತದ್ದೇ ಹಾಗೆ.

ನಿಜವಾದ ಜ್ವರ ನಮಗೆ ಬರುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಬರುತ್ತಿತ್ತು, ಆದರೆ ಅದಕ್ಕೆ ಮರ್ಯಾದೆ ಇರಲಿಲ್ಲ. ಅಮ್ಮ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ದಿನಕ್ಕೆ ಮುನ್ನೂರು ಚಾದರ. ಒಂದು ದಿನ ಹೋಗದಿದ್ದರೆ ಮರುದಿನ ಆ ಜಾಗದಲ್ಲಿ ಬೇರೆಯವಳು ನಿಂತಿರುತ್ತಿದ್ದಳು. ಅವಳಿಗೆ ಜ್ವರ ಬರಲು ಪುರುಸೊತ್ತೇ ಇರಲಿಲ್ಲ. ನಮಗೆ ಬಂದರೆ "ಮೈ ಬೆಚ್ಚಗಿದೆ, ಬಿಸಿನೀರು ಕುಡಿ" ಅನ್ನುತ್ತಿದ್ದಳು. ಪದ ಆಗಲೇ ಬೇರೆ ಕೆಲಸಕ್ಕೆ ಹೋಗಿತ್ತಲ್ಲ, ಹಾಗಾಗಿ ನಿಜವಾದ ಜ್ವರಕ್ಕೆ ಇನ್ನೊಂದು ಹೆಸರು. ಮೈ ಬೆಚ್ಚಗಾಗುವುದೇ ಬೇರೆ, ಜ್ವರವೇ ಬೇರೆ. ಬಟಾಣಿಯ ಲೆಕ್ಕದಲ್ಲಿ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ.

ಅವಳು ಒಂದನೇ ಕ್ಲಾಸಿಗೆ ಸೇರಿದ ಮೇಲೆ ಗೊಂದಲ ಶುರುವಾಯಿತು. ನಾನು ಅದೇ ಶಾಲೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದೆ. ಒಂದು ದಿನ ಅವಳ ಕ್ಲಾಸಿನ ಟೀಚರ್ ನನ್ನನ್ನು ಕರೆಸಿದರು. ದಪ್ಪ ಕನ್ನಡಕ, ಮೆತ್ತಗಿನ ದನಿ, ಬೆತ್ತ ಹಿಡಿಯದ ಕೈ. ಮಕ್ಕಳೆಲ್ಲ ಅವರನ್ನು ಕನ್ನಡಕದ ಟೀಚರ್ ಅನ್ನುತ್ತಿದ್ದರು.

"ನಿನ್ನ ತಂಗಿ ಒಳ್ಳೆ ನಾಯಕಿ ಕಣೇ" ಅಂದರು ನಗುತ್ತಾ. "ನಂಗೆ ಸ್ವಲ್ಪ ಜ್ವರ ಇದೆ, ಇವತ್ತು ಗಲಾಟೆ ಮಾಡ್ಬೇಡಿ ಅಂತ ಅಂದೆ ಅಷ್ಟೆ. ಎದ್ದು ನಿಂತ್ಕೊಂಡು ಎಲ್ಲರ ಊಟದ ಡಬ್ಬಿ ಕಿತ್ಕೊಂಡು ಬೆಂಚಿನ ಕೆಳಗೆ ಇಟ್ಳು. ಚಪ್ಪಲಿ ತೆಗೆಸಿ ಬ್ಯಾಗಿಗೆ ಹಾಕಿಸಿದ್ಳು. ಎಲ್ಲರೂ ಗೋಡೆ ಕಡೆ ತಿರುಗಿ ಅಂದ್ಳು. ನಲವತ್ತು ಮಕ್ಕಳು ಗೋಡೆ ನೋಡ್ತಾ ಕೂತಿದ್ರು! ಆಮೇಲೆ ನನ್ನ ಹತ್ರ ಬಂದು ಮೆಲ್ಲಗೆ ಕೇಳಿದ್ಳು, ಸಣ್ಣದಾ ದೊಡ್ಡದಾ ಅಂತ. ಏನೇ ಇದು ಆಟ?"

ಟೀಚರ ಕಣ್ಣಲ್ಲಿ ನಗು ಇನ್ನೂ ಇತ್ತು, ಆದರೆ ಅದರ ಹಿಂದೆ ಒಂದು ಪ್ರಶ್ನೆಯೂ ಇತ್ತು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಕ್ಕುತ್ತಿರಲಿಲ್ಲ. ನಾನು "ಹೂಂ ಟೀಚರ್, ಆಟ. ಮನೇಲಿ ಆಡ್ತೀವಿ" ಅಂದೆ. ಮನೆಗೆ ಹೋಗುವಾಗ ಬಟಾಣಿಯ ತೋಳು ಹಿಂಡಿ, ಶಾಲೆಯಲ್ಲಿ ಹಾಗೆಲ್ಲ ಮಾಡಬಾರದು ಅಂತ ಹೆದರಿಸಿದೆ. ಯಾಕೆ ಮಾಡಬಾರದು ಅಂತ ಮಾತ್ರ ಹೇಳಲಿಲ್ಲ. ಆ ಹಿಂಡಿದ ಕೈಯನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಅದಾದ ಎರಡು ತಿಂಗಳಿಗೆ, ಒಂದು ಸಂಜೆ, ನಾನು ಅನ್ನಕ್ಕೆ ಇಟ್ಟು ಕೂತಿದ್ದಾಗ ಬಟಾಣಿ ಪಕ್ಕದಲ್ಲಿ ಬಂದು ನಿಂತಳು. ಮುಖ ಸಪ್ಪಗಿತ್ತು.

"ಅಕ್ಕಾ, ಜ್ವರ ಮಕ್ಕಳಿಗೂ ಬರತ್ತಾ?"

"ಹುಚ್ಚಿ. ಮಕ್ಕಳಿಗೆಲ್ಲ ಬರಲ್ಲ. ದೊಡ್ಡೋರಿಗೆ ಮಾತ್ರ."

"ಬಂದ್ರೆ?"

ಒಲೆ ಸರಿಯಾಗಿ ಉರಿಯುತ್ತಿರಲಿಲ್ಲ, ನನಗೆ ಹೊಟ್ಟೆ ಹಸಿದಿತ್ತು. "ಬಂದ್ರೆ ಮನೆ ಹಾಳು. ಹೋಗು, ಬರ್ಕೋ" ಅಂದೆ.

ಅವಳು ಹೋದಳು. ದಿನವೂ ನನ್ನ ಹೊಟ್ಟೆಗೆ ಕಾಲು ಹಾಕಿ ಮಲಗುವವಳು ಅವತ್ತು ಸೆಕೆ ಅಂತ ಹೇಳಿ ದೂರ, ಗೋಡೆಗೆ ಅಂಟಿಕೊಂಡು ಮಲಗಿದಳು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅಮ್ಮ ಬೆಳಗ್ಗೆ ನಾವು ಏಳುವ ಮೊದಲೇ ಲಾಂಡ್ರಿಗೆ ಹೊರಟುಹೋಗಿದ್ದಳು. ನಡೆದದ್ದು ಇಷ್ಟೇ: ಹಿಂದಿನ ದಿನ ಶಾಲೆಯಲ್ಲಿ ಕನ್ನಡಕದ ಟೀಚರ್ ಅವಳ ಹಣೆ ಮುಟ್ಟಿ, "ನಿಂಗೆ ಜ್ವರ ಇದ್ದ ಹಾಗಿದೆಯಲ್ಲೇ, ಮನೇಲಿ ಹೇಳು" ಅಂದಿದ್ದರು. ಮನೆಯಲ್ಲಿ ಅವಳು ಹೇಳಬೇಕಾದವಳು ನಾನು. ನಾನು ಕೊಟ್ಟ ಉತ್ತರ ನಿಮಗೆ ಗೊತ್ತಾಯಿತಲ್ಲ.

ಬೆಳಗ್ಗೆ ಶಾಲೆಗೆ ಹೋಗುವಾಗ ಬಟಾಣಿ ವಿಚಿತ್ರವಾಗಿ ನಡೆಯುತ್ತಿದ್ದಳು. ಬೀದಿಯ ಕಲ್ಲುಗಳ ಸಾಲಿನ ಮೇಲೆ ಒಂದೊಂದೇ ಹೆಜ್ಜೆ, ಕತ್ತು ನೆಟ್ಟಗೆ, ಕೈಗಳು ಮೈಗೆ ಅಂಟಿಕೊಂಡು. ಬಾಯಲ್ಲಿ ಲವಂಗ. ಅಪ್ಪ ಜ್ವರ ಬಂದಿಲ್ಲ ಅಂತ ತೋರಿಸಬೇಕಾದಾಗ ಹೀಗೇ ನಡೆಯುತ್ತಿದ್ದ, ಹೀಗೇ ಲವಂಗ ಅಗಿಯುತ್ತಿದ್ದ. ಖಾರಕ್ಕೆ ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಅಪ್ಪನ ಲವಂಗದ ಡಬ್ಬಿ ಮುಟ್ಟಿದ್ಯಾ? ಅಣಕಿಸ್ತಿದ್ಯಾ ಅಪ್ಪನ್ನ?" ಅಂದೆ, ನಗು ತಡೆಯಲಾರದೆ.

"ಇಲ್ಲ. ನಾನು. ಚೆನ್ನಾಗಿ. ಇದೀನಿ" ಅಂದಳು, ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ, ಥೇಟ್ ಅಪ್ಪನ ಹಾಗೆ. ನಾನು ಶಾಲೆಯ ಗೇಟಿನವರೆಗೂ ನಗುತ್ತಲೇ ಹೋದೆ.

ಮೊದಲ ಪಿರಿಯಡ್ಡಿನಲ್ಲೇ ಗಂಟೆ ಅಜ್ಜ ಬಂದು ನನ್ನನ್ನು ಕರೆದ. ಶಾಲೆಯ ಗಂಟೆ ಹೊಡೆಯುವುದು, ಬಾಗಿಲು ತೆಗೆಯುವುದು, ಮುಚ್ಚುವುದು ಎಲ್ಲ ಅವನ ಕೆಲಸ. ಓಡುತ್ತಲೇ ಹೇಳಿದ. ಟೀಚರ್ ಹಾಜರಿ ಹಾಕುವಾಗ ಬಟಾಣಿಯ ಕೆನ್ನೆ ಮುಟ್ಟಿ, "ಅಯ್ಯೋ, ಜ್ವರ ಜೋರಾಗೇ ಬಂದಿದೆ! ಇರು, ಅಕ್ಕನ್ನ ಕರೆಸ್ತೀನಿ" ಅಂದರಂತೆ. ಅವಳು ಪಕ್ಕದ ಮಕ್ಕಳ ಡಬ್ಬಿಗಳನ್ನೆಲ್ಲ ಬೆಂಚಿನಡಿ ತಳ್ಳಿ, ಗೋಡೆ ಕಡೆ ತಿರುಗಿ ಅಂತ ಕೂಗಿ, ಹೊರಗೆ ಓಡಿ, ಆಟದ ಸಾಮಾನಿನ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡಳಂತೆ.

ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲು ಕಬ್ಬಿಣದ್ದು. ಹೆಡ್ ಮೇಡಂ, ಕನ್ನಡಕದ ಟೀಚರ್, ಇನ್ನೂ ನಾಲ್ಕೈದು ಜನ ಅಲ್ಲಿ ನಿಂತಿದ್ದರು. ಬಾಗಿಲು ಬಡಿದರೆ ಒಳಗಿಂದ ಸದ್ದಿಲ್ಲ. "ತಾನೇ ಬೀಗ ಬಿದ್ದಿರ್ಬೇಕು. ಕೀಲಿ ಕಳೆದು ವರ್ಷ ಆಯ್ತು" ಅಂದ ಗಂಟೆ ಅಜ್ಜ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಯಾರ ಮಗಳು ಅಂತ ಎಲ್ಲರಿಗೂ ಗೊತ್ತಿತ್ತು.

ಹನ್ನೊಂದು ಗಂಟೆಯ ಬಿಸಿಲಲ್ಲಿ ನಾನು ಅಪ್ಪನ ಅಂಗಡಿಗೆ ಓಡಿದೆ. ಓಡುವಾಗ ಒಂದೇ ಯೋಚನೆ: ಇಷ್ಟು ಹೊತ್ತಿಗೆ ಜ್ವರ ಬಂದಿರದಿದ್ದರೆ ಸಾಕು. ಅಪ್ಪ ಗೂಡಿನಲ್ಲಿ ಕೂತು ಕೀಲಿಯೊಂದಕ್ಕೆ ಅರ ಹಾಕುತ್ತಿದ್ದ. ಅರ ಜಾರಿ ಜಾರಿ ಹೋಗುತ್ತಿತ್ತು. ಸಣ್ಣದು. ಇನ್ನೂ ಶುರು ಅಷ್ಟೆ. "ಬಟಾಣಿ ಒಳಗೆ ಸಿಕ್ಕಿಹಾಕ್ಕೊಂಡಿದಾಳೆ" ಅಂದ ತಕ್ಷಣ ಅವನು ಚೀಲ ಎತ್ತಿಕೊಂಡು ನನಗಿಂತ ಮುಂದೆ ಓಡಿದ. ಅಪ್ಪ ಓಡುವುದನ್ನು ನಾನು ನೋಡಿದ್ದು ಅದೇ ಮೊದಲು.

ಬಾಗಿಲ ಮುಂದೆ ಮಂಡಿಯೂರಿ ತೂತಿಗೆ ತಂತಿ ಹಾಕಿ, ಕಿವಿಯಿಟ್ಟ. ಸಣ್ಣ ಜ್ವರದಲ್ಲೂ ಅವನ ತಂತಿಗೆ ಕೆಲಸ ಗೊತ್ತಿತ್ತು. ಒಂದು ನಿಮಿಷವೂ ಆಗಿರಲಿಲ್ಲ, ತಂತಿ ಹೊರಗೆಳೆದು ಹಿಂದಕ್ಕೆ ಕೂತ.

"ಬೀಗ ಬಿದ್ದಿಲ್ಲ. ಒಳಗಿಂದ ಚಿಲಕ ಹಾಕಿದಾಳೆ. ಚಿಲಕಕ್ಕೆ ಕೀಲಿ ಇಲ್ಲ ಮೇಡಂ. ನನ್ ಕೈಲಾಗಲ್ಲ."

"ಒಡೆಸೋಣ ಅಂದ್ರೆ ವೆಲ್ಡಿಂಗಿನವನು ಬರೋಕೇ ಒಂದು ಗಂಟೆ ಬೇಕು" ಅಂದರು ಹೆಡ್ ಮೇಡಂ. "ಮಗು ಮೈ ಕಾದ ಹೆಂಚಿನ ಹಾಗಿತ್ತಂತೆ. ಒಳಗೆ ಗಾಳಿಯೂ ಇಲ್ಲ. ಏನಾದ್ರೂ ಮಾತಾಡಿಸಿ."

ಅಪ್ಪ ಬೀಗದ ತೂತಿಗೆ ಬಾಯಿಟ್ಟು "ಬಟಾಣೀ" ಅಂದ. "ನಾನು ಕಂದಾ, ಅಪ್ಪ. ಬಾಗಿಲು ತೆಗಿ."

ಆಗ ಮೊದಲ ಸಲ ಒಳಗಿಂದ ದನಿ ಬಂತು. ಒಣಗಿದ ದನಿ. "ಅಪ್ಪಾ, ದೂರ ಹೋಗು. ಎಲ್ಲಾ ಎತ್ತಿಡಕ್ಕೆ ಹೇಳು."

"ಯಾಕಮ್ಮಾ?"

"ನಂಗೆ ದೊಡ್ಡ ಜ್ವರ ಬಂದಿದೆ. ಟೀಚರೇ ಹೇಳಿದ್ರು. ನಾನು ಎಲ್ಲರನ್ನೂ ಹೊಡೆದುಬಿಡ್ತೀನಿ."

ಕನ್ನಡಕದ ಟೀಚರ್ ಬಾಗಿ, ತಮ್ಮ ಮೆತ್ತಗಿನ ದನಿಯಲ್ಲಿ "ಜ್ವರ ಬಂದೋರು ಯಾಕೆ ಹೊಡೀತಾರೆ ಪುಟ್ಟಾ?" ಅಂದರು.

"ನಮ್ಮಪ್ಪಂಗೆ ಬಂದಾಗ ಹೊಡೀತಾನಲ್ಲ" ಅಂದಳು ಬಟಾಣಿ. ಟೀಚರಿಗೆ ಇಷ್ಟೂ ಗೊತ್ತಿಲ್ಲವಲ್ಲ ಅನ್ನುವ ಹಾಗೆ.

ಟೀಚರ್ ನನ್ನ ಕಡೆ ತಿರುಗಿದರು. ಎರಡು ತಿಂಗಳ ಹಿಂದಿನ ಆಟ ಏನು ಅನ್ನುವುದು ಅವರಿಗೆ ಈಗ ಅರ್ಥವಾಗಿತ್ತು. ನಾನು ನೆಲ ನೋಡಿದೆ. ನಾಚಿಕೆ ಅಂತ ಅಲ್ಲಿಯವರೆಗೆ ಯಾವುದನ್ನು ಅಂದುಕೊಂಡಿದ್ದೆನೋ ಅದೆಲ್ಲ ಸಣ್ಣದು ಅನ್ನಿಸಿತು. ನಾಚಿಕೆಯಿಂದ ತಪ್ಪಿಸಿಕೊಳ್ಳಲು ನಾನು ಕಟ್ಟಿದ ಪದದೊಳಗೆ ಆರು ವರ್ಷದ ಕೂಸೊಂದು ಚಿಲಕ ಹಾಕಿಕೊಂಡು ಕೂತಿತ್ತು, ಬೇರೆ ಮಕ್ಕಳಿಗೆ ಏಟು ಬೀಳದಿರಲಿ ಅಂತ. ಹಲ್ಲು ಕಚ್ಚಿ ಮುಂದೆ ಹೋದೆ.

"ಬಟಾಣಿ, ನಾನು ಅಕ್ಕ. ನಾನು ಸುಳ್ಳು ಹೇಳಿದ್ದೆ. ಅಪ್ಪಂಗೆ ಬರೋದು ಜ್ವರ ಅಲ್ಲ. ಅಪ್ಪ ಕುಡೀತಾನೆ. ಕುಡಿದ್ರೆ ಹೊಡೀತಾನೆ. ಜ್ವರ ಅಂದ್ರೆ ಬರೀ ಮೈ ಬೆಚ್ಚಗಾಗೋದು. ಅಷ್ಟೇ ಕಣೇ. ತೆಗಿ."

ಒಳಗೆ ಅವಳು ಯೋಚಿಸುತ್ತಿರುವುದು ನನಗೆ ಕೇಳಿಸುವ ಹಾಗಿತ್ತು. ಆಮೇಲೆ ಅಂದಳು: "ನೀನು ಈಗ ಸುಳ್ಳು ಹೇಳ್ತಿದೀಯ. ನಾನು ಹೊರಗೆ ಬರ್ಲಿ ಅಂತ."

ಅವಳು ಹಾಗೆ ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳಿಗೆ ಇಷ್ಟು ದಿನ ಸುಳ್ಳು ಹೇಳಿದ ನಾಲಿಗೆ ಇದೇ ತಾನೆ.

"ಅಪ್ಪ ಹೇಳ್ಲಿ" ಅಂದಳು ಬಟಾಣಿ.

ನಾನು ಅಪ್ಪನನ್ನು ನೋಡಿದೆ. ಎಲ್ಲರೂ ನೋಡಿದರು. ಹೆಡ್ ಮೇಡಂ, ಟೀಚರ್, ಗಂಟೆ ಅಜ್ಜ, ಜಗುಲಿ ಕಂಬದ ಹಿಂದೆ ಇಣುಕುತ್ತಿದ್ದ ಹತ್ತಾರು ಮಕ್ಕಳು. ಇವರಲ್ಲಿ ಅರ್ಧ ಜನರ ಮನೆ ಬೀಗ ಅವನು ಮುಟ್ಟಿದ್ದ. ಅಪ್ಪ ಕೈಯಲ್ಲಿದ್ದ ತಂತಿಯನ್ನು ಬಗ್ಗಿಸಿದ, ನೇರ ಮಾಡಿದ, ಬಗ್ಗಿಸಿದ. ಎದ್ದು ಹೋಗಿಬಿಡುತ್ತಾನೆ ಅಂತ ನಾನು ಅಂದುಕೊಂಡೆ. ಹೋದರೆ ಅವನ ಅಂಗಿ ಹಿಡಿದು ಎಳೆಯುತ್ತೇನೆ, ಎಲ್ಲರೆದುರು ಹೊಡೆದರೂ ಬಿಡುವುದಿಲ್ಲ ಅಂತ ಅವನ ಹಿಂದೆ ಒಂದು ಹೆಜ್ಜೆ ಹತ್ತಿರ ಹೋಗಿ ನಿಂತೆ.

ಅವನು ಹೋಗಲಿಲ್ಲ. ಬಾಗಿಲಿಗೆ ಹಣೆ ಹಚ್ಚಿದ.

"ಅಕ್ಕ ಹೇಳಿದ್ದು ನಿಜ ಕಂದಾ. ನಂದು ಜ್ವರ ಅಲ್ಲ. ನಾನು ಕುಡೀತೀನಿ."

"ಏನನ್ನ?"

"ಸಾರಾಯಿ."

"ಯಾರು ಕುಡಿಸ್ತಾರೆ?"

ದೂರಲು ಅಪ್ಪನ ಹತ್ತಿರ ಹೆಸರುಗಳಿಗೆ ಬರ ಇರಲಿಲ್ಲ. ಗೆಳೆಯರಿದ್ದರು, ದರಿದ್ರ ಇತ್ತು, ಹಣೆಬರಹ ಇತ್ತು, ಅಮ್ಮನ ಮಾತುಗಳಿದ್ದವು. ದಿನವೂ ನಾವು ಕೇಳಿದ ಪಟ್ಟಿ ಅದು. "ಯಾರೂ ಇಲ್ಲ" ಅಂದ. "ನಾನೇ."

"ಈಗ್ಲೂ ಕುಡಿದಿದೀಯಾ?"

"ಹೂಂ. ಸ್ವಲ್ಪ."

"ಮತ್ತೆ ನಂಗೆ ಬಂದಿರೋದು?"

"ನೀನೇನು ಕುಡಿದಿದೀಯ ಬೆಳಗ್ಗೆಯಿಂದ?"

"ನೀರು." ಆಮೇಲೆ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ, "ಮತ್ತೆ ಲವಂಗ ತಿಂದೆ. ನಿನ್ನ ಡಬ್ಬೀದು. ಎರಡು."

ಗಂಟೆ ಅಜ್ಜ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಅಪ್ಪ ಅಳುತ್ತಿರಲಿಲ್ಲ. ಸಣ್ಣ ಜ್ವರದಲ್ಲಿ ಸುಮ್ಮಸುಮ್ಮನೆ ಅಳುವ ಅಪ್ಪ ಅವತ್ತು ಅಳಲಿಲ್ಲ, ಅದಕ್ಕೆ ನಾನು ಅವನನ್ನು ನಂಬಿದೆ.

"ನೀರು ಕುಡಿದೋರು ಯಾರನ್ನೂ ಹೊಡೆಯಲ್ಲ" ಅಂದ. "ನಿಂದು ಬರೀ ಜ್ವರ. ಎಲ್ಲಾ ಮಕ್ಕಳಿಗೂ ಬರತ್ತೆ. ಮಾತ್ರೆ ತಗೊಂಡ್ರೆ ಹೋಗತ್ತೆ. ಚಿಲಕ ತೆಗಿ."

ಒಳಗೆ ಕಬ್ಬಿಣ ಕಿರುಗುಟ್ಟಿತು, ನಿಂತಿತು. "ಬರ್ತಿಲ್ಲ. ಕೈ ನೋಯ್ತಿದೆ."

ಆಗ ಅಪ್ಪ ಕೆಲಸದವನಾದ. ತನ್ನ ಭುಜದಿಂದ ಬಾಗಿಲನ್ನು ಒತ್ತಿ ಹಿಡಿದು, "ನಾನು ತಳ್ತೀನಿ. ನೀನು ಚಿಲಕದ ಗುಬುಟು ಮೇಲೆತ್ತು. ಎತ್ತಿದ್ಯಾ? ಈಗ ನೀನು ಅನ್ನ ತಿನ್ನೋ ಕೈ ಕಡೆಗೆ ಎಳಿ. ನಿಧಾನ. ಆತುರ ಇಲ್ಲ" ಅಂದ. ಚಿಲಕ ಸರಿಯಿತು. ಬಾಗಿಲು ತೆರೆದಾಗ ಬಟಾಣಿ ಹರಿದ ಚೆಂಡುಗಳ ರಾಶಿಯ ಮುಂದೆ ನಿಂತಿದ್ದಳು, ಕೆಂಪು ಮುಖ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ತನ್ನ ಕೈಗಳ ಮೇಲೆ ಅವಳಿಗಿನ್ನೂ ನಂಬಿಕೆ ಬಂದಿರಲಿಲ್ಲ.

ಆಸ್ಪತ್ರೆಗೆ ಅಪ್ಪನೇ ಎತ್ತಿಕೊಂಡು ಹೋದ. ಅಮ್ಮ ಲಾಂಡ್ರಿಯಿಂದ ನೇರ ಅಲ್ಲಿಗೇ ಓಡಿ ಬಂದಳು, ಸೋಪಿನ ವಾಸನೆಯ ಕೈ, ಆವಿಗೆ ಅಂಟಿದ ಕೂದಲು. ಅವಳನ್ನು ಕರೆಯಲು ಹೋಗಿದ್ದ ಟೀಚರ್ ದಾರಿಯಲ್ಲೇ ಎಲ್ಲ ಹೇಳಿದ್ದರು. ಅಮ್ಮ ಅಪ್ಪನ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ, ಬಟಾಣಿಯ ಪಾದ ಹಿಡಿದುಕೊಂಡು ನಿಂತಳು. ನರ್ಸ್ ಕಾಗದದ ಮೇಲೆ ಬರೆಯುತ್ತಾ, ತಲೆಯೆತ್ತದೆ ಕೇಳಿದಳು: "ಮನೇಲಿ ಬೇರೆ ಯಾರಿಗಾದ್ರೂ ಜ್ವರ ಇದೆಯಾ?"

ಅಷ್ಟು ವರ್ಷ ಯಾರು ಕೇಳಿದರೂ ನಮ್ಮ ಉತ್ತರ ಒಂದೇ ಇತ್ತು: ಅಪ್ಪಂಗೆ ಜ್ವರ.

"ಇಲ್ಲ" ಅಂದಳು ಬಟಾಣಿ ಮಂಚದಿಂದ. "ಅಪ್ಪ ಕುಡೀತಾನೆ ಅಷ್ಟೆ."

ನರ್ಸ್ ತಲೆಯೆತ್ತಿದಳು. ಅಮ್ಮ ಗಟ್ಟಿಯಾಗಿ, ಲಾಂಡ್ರಿಯ ಯಂತ್ರಗಳ ಸದ್ದಿನ ನಡುವೆ ಮಾತಾಡುವಷ್ಟು ಗಟ್ಟಿಯಾಗಿ, "ಹೌದು. ಕುಡೀತಾರೆ. ಬರ್ಕೊಳ್ಳಿ" ಅಂದಳು.

ಎರಡು ದಿನ ಬಿಟ್ಟು ಬಟಾಣಿಯ ಜ್ವರ ಇಳಿದ ಬೆಳಗ್ಗೆ, ಅಮ್ಮ ಕೆಲಸಕ್ಕೆ ಹೋಗಲಿಲ್ಲ. ಅಮ್ಮ ತಾನಾಗಿ ರಜೆ ಹಾಕಿದ್ದು ನಾನು ನೋಡಿರಲೇ ಇಲ್ಲ. ಅಪ್ಪ ಅಂಗಡಿಗೆ ಹೊರಡುವ ಮೊದಲು ಅವನ ಮುಂದೆ ಒಂದು ಕಬ್ಬಿಣದ ಚಿಲಕ ಇಟ್ಟಳು, ನಾಲ್ಕು ತಿರುಪು ಸಮೇತ.

"ಬಾಗಿಲಿಗೆ ಒಳಗಿಂದ ಹಾಕು. ಬಟಾಣಿ ಕೈಗೆ ಎಟುಕೋ ಎತ್ತರಕ್ಕೆ" ಅಂದಳು. "ಚಿಲಕಕ್ಕೆ ಕೀಲಿ ಇಲ್ಲ ಅಂತ ನೀನೇ ಹೇಳಿದ್ಯಂತಲ್ಲ. ಇನ್ಮೇಲೆ ಈ ಮನೇಲಿ ಜ್ವರ ಅಂದ್ರೆ ಜ್ವರ, ಕುಡಿತ ಅಂದ್ರೆ ಕುಡಿತ. ಕುಡಿದು ಬಂದ ದಿನ ನೀನು ಹೊರಗೆ. ಇಳಿದ ಮೇಲೆ ಒಳಗೆ. ಲೋಟ ಎತ್ತಿಡಲ್ಲ, ಚಪ್ಪಲಿ ಎತ್ತಿಡಲ್ಲ, ನನ್ನ ಮಕ್ಕಳು ಇನ್ನು ಗೋಡೆ ನೋಡಲ್ಲ."

ಕೂಗಾಟವಿಲ್ಲ, ಅಳುವಿಲ್ಲ, ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ಅಪ್ಪ ಏನಾದರೂ ಅನ್ನುತ್ತಾನೆ ಅಂತ ನಾನು ಕಾದೆ. ಅವನು ಚೀಲದಿಂದ ತಿರುಪುಳಿ ತೆಗೆದ. ಬಟಾಣಿಯನ್ನು ಬಾಗಿಲ ಪಕ್ಕ ನಿಲ್ಲಿಸಿ, ಅವಳ ಭುಜದ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು, ಚಿಲಕ ಕೂರಿಸಿದ. ಸಲೀಸಾಗಿ ಸರಿಯಲಿ ಅಂತ ಎಣ್ಣೆಯನ್ನೂ ಹಾಕಿದ. ಅವನ ಕೈಯ ಕೆಲಸಗಳಲ್ಲೇ ಅತ್ಯುತ್ತಮವಾದದ್ದು ಅದು ಅಂತ ನಾನು ಈಗ ಕಸುಬು ಬಲ್ಲವಳಾಗಿ ಹೇಳುತ್ತೇನೆ.

ಅವತ್ತೇ ಅಪ್ಪ ಕುಡಿತ ಬಿಟ್ಟ ಅಂದರೆ ಕಥೆಗೆ ಚೆಂದ. ಆದರೆ ನಾನು ಸುಳ್ಳು ಬಿಟ್ಟು ಬಹಳ ವರ್ಷವಾಯಿತು. ಬಿಡಲು ಅವನಿಗೆ ಇನ್ನೂ ನಾಲ್ಕು ವರ್ಷ ಬೇಕಾಯಿತು. ಮೂರು ಸಲ ಬಿಟ್ಟ, ಮೂರು ಸಲ ಹಿಡಿದ. ಆದರೆ ಹೊಡೆತ ಅವತ್ತಿಗೇ ನಿಂತಿತು, ಯಾಕೆಂದರೆ ಹೊಡೆಯುವ ಹೊತ್ತಿಗೆ ಅವನು ಬಾಗಿಲಾಚೆ ಇರುತ್ತಿದ್ದ. ಬಾಗಿಲಿಗೆ ಬಂದು ಅಪ್ಪ ಎಲ್ಲಿ ಅಂತ ಕೇಳಿದವರಿಗೆಲ್ಲ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೆಲವರು ಮತ್ತೆ ಬರಲಿಲ್ಲ. ಬಂದವರು ನಮ್ಮನ್ನು ನೋಡಿ ಅಯ್ಯೋ ಪಾಪ ಅನ್ನುವುದನ್ನು ಬಿಟ್ಟರು.

ಆ ಚಿಲಕ ಮೊದಲ ಸಲ ಬಿದ್ದದ್ದು ಒಂಬತ್ತನೇ ದಿನ. ಶನಿವಾರ, ಅರ್ಧ ದಿನದ ಶಾಲೆ. ಅಮ್ಮ ಕೆಲಸದಲ್ಲಿದ್ದಳು. ಮಧ್ಯಾಹ್ನದ ಬಿಸಿಲಲ್ಲಿ ಬೀದಿಯ ಕಲ್ಲಿನ ಮೇಲೆ ಹೆಜ್ಜೆ ಸದ್ದಾಯಿತು, ಎಳೆದ ಹೆಜ್ಜೆ. ದೊಡ್ಡದು. ನನಗೆ ಗೊತ್ತಿಲ್ಲದೆಯೇ ನನ್ನ ಕೈ ಲೋಟಗಳ ಕಡೆ ಹೋಯಿತು. ಬಟಾಣಿ ನನ್ನ ಕೈಯನ್ನೇ ನೋಡಿದಳು. ನಾನು ಲೋಟವನ್ನು ಇದ್ದಲ್ಲೇ ಬಿಟ್ಟೆ. ಅವಳು ಎದ್ದುಹೋಗಿ ಚಿಲಕ ಎಳೆದಳು.

ಬಾಗಿಲು ಬಡಿದ ಸದ್ದಾಯಿತು.

"ಯಾರು?" ಅಂದಳು ಬಟಾಣಿ.

"ಅಪ್ಪ ಕಣೇ. ತೆಗಿ."

"ಏನಾಗಿದೆ ನಿಂಗೆ?"

ಹೊರಗೆ ಉಸಿರಿನ ಸದ್ದು. "ಜ್ವ..." ಅಂದ ಅಪ್ಪ, ಅಲ್ಲಿಗೇ ನಿಲ್ಲಿಸಿದ. ಬಾಗಿಲಿಗೆ ಅಂಗೈ ಬಡಿದ ಒಂದು ದೊಡ್ಡ ಸದ್ದಾಯಿತು. ಚಿಲಕ ಅಲುಗಲಿಲ್ಲ. ಬಟಾಣಿಯೂ ಅಲುಗಲಿಲ್ಲ.

"ಏನಾಗಿದೆ ಹೇಳು" ಅಂದಳು ಮತ್ತೆ.

"ಕುಡಿದಿದೀನಿ."

"ಹಾಗಾದ್ರೆ ಅಲ್ಲೇ ಕೂತ್ಕೋ."

ಅಪ್ಪನ ಬೆನ್ನು ಬಾಗಿಲಿಗೆ ಒರಗಿಕೊಂಡು ಜಾರಿ ಕೆಳಗಿಳಿಯುವ ಸದ್ದು ಕೇಳಿಸಿತು. ಈಚೆ ಬಟಾಣಿ ತನ್ನ ಸ್ಲೇಟು ತಂದುಕೊಂಡು, ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಮಗ್ಗಿ ಬರೆಯತೊಡಗಿದಳು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿತು. ಲೋಟಗಳು ಗೋಡೆಯ ಗೂಡಿನಲ್ಲೇ ಇದ್ದವು, ಚಪ್ಪಲಿಗಳು ಬಾಗಿಲ ಪಕ್ಕದಲ್ಲೇ ಇದ್ದವು. ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕೋಣೆ ನಮ್ಮದಾಗಿತ್ತು.

ಬಹಳ ಹೊತ್ತಿನ ಮೇಲೆ ಹೊರಗಿಂದ, ಈ ಸಲ ಮೆಲ್ಲಗೆ, ಬೆರಳಿನಿಂದ ತಟ್ಟಿದ ಸದ್ದು.

"ಇಳೀತು ಕಣಮ್ಮ. ತೆಗಿ."

ಬಟಾಣಿ ಬಳಪ ಇಟ್ಟಳು. ತಿರುಗಿ ಮಂಡಿಯೂರಿ, ಬಾಗಿಲ ಸಂದಿಗೆ ಮೂಗು ಹಚ್ಚಿ, ಒಂದು ಸಲ ಉದ್ದಕ್ಕೆ ಮೂಸಿದಳು.

"ಇಲ್ಲ, ಇನ್ನೂ ಇದೆ" ಅಂದಳು. "ಕೂತ್ಕೋ."

ಅಪ್ಪ ಕೂತ.